ಅಳತೆ ಪುಸ್ತಕ

ಅವನ ಮೊದಲ ಅಳತೆ ಹದಿನಾಲ್ಕನೆಯ ಪುಟದಲ್ಲಿದೆ:
ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತೇಳು,
ಎಡ ಭುಜ ಬಲಕ್ಕಿಂತ ಕಾಲಿಂಚು ಕೆಳಗೆ.
ಹೆಸರು ತೌಂಗ್ ನ್ಯೋ. ಅಕಾಡೆಮಿಯಿಂದ ಆಗಷ್ಟೇ ಹೊರಬಿದ್ದ ಲೆಫ್ಟಿನೆಂಟು,
ಕಿವಿಯ ಹಿಂದೆ ಅವನಮ್ಮ ಹಚ್ಚಿದ ತನಾಖಾ
ಒಣಗಿ ಬಿರುಕುಬಿಟ್ಟಿತ್ತು.

ಮೇಮ್ಯೋದ ಚಳಿಗೆ ಹಲ್ಲು ಕಡಿಯುತ್ತ
"ಸಯಾ, ಒಳಗೆ ಎರಡಿಂಚು ಬಟ್ಟೆ ಬಿಡಿ,
ನಾನಿನ್ನೂ ಬೆಳೆಯುವವನು" ಅಂದ.
ಹದಿನೇಳು ಕ್ಯಾಟ್ ಬಾಕಿ ಇಟ್ಟು
ಗಡಿಯಾರದ ಗೋಪುರದ ಬಳಿ ಕುದುರೆಗಾಡಿ ಹತ್ತಿದ.

ಮತ್ತೆ ಬಂದಾಗ ಕ್ಯಾಪ್ಟನ್.
ಸಾಲ್ವೀನ್ ಹೊಳೆಯಾಚೆಯಿಂದ ಬಂದ ಕೋಟಿನ ತುಂಬ
ಸುಟ್ಟ ಹುಲ್ಲು ಮಾಡಿನ ವಾಸನೆ.
ಯಾರ ಮನೆಯದು ಎಂದು ಕೇಳುವುದು ದರ್ಜಿಯ ಕೆಲಸವಲ್ಲ.
ತೋಳಿನ ತೂತಿಗೆ ರಫು ಹಾಕಿದೆ,
ಬಿಟ್ಟಿದ್ದ ಎರಡಿಂಚಿನಲ್ಲಿ ಒಂದಿಂಚು ಬಿಚ್ಚಿದೆ.

ಮೇಜರ್. ಕರ್ನಲ್. ಬ್ರಿಗೇಡಿಯರ್.
ಕತ್ತು ಹದಿನೈದು, ಹದಿನಾರು, ಹದಿನಾರೂವರೆ.
ಕತ್ತು ದಪ್ಪವಾದಷ್ಟೂ ಮನುಷ್ಯ
ಪಕ್ಕಕ್ಕೆ ತಿರುಗಿ ನೋಡುವುದು ಕಡಿಮೆ;
ಬೇಕಾದರೆ ಪುಟ ತೆಗೆದು ತೋರಿಸುತ್ತೇನೆ.

ರೇಡಿಯೋ ಹವಾಮಾನ ಹೇಳುವ ಹೊತ್ತಿಗೆ
ಬ್ಯಾಂಡು ಬಾರಿಸಿದ ಬೆಳಿಗ್ಗೆ
ಚಹದಂಗಡಿಯಲ್ಲಿ ಯಾರೂ ಎರಡನೆಯ ಲೋಟ ಕೇಳಲಿಲ್ಲ.
ಸಂಜೆ ಜೀಪು ಬಂತು. ಹೊಸ ನಕ್ಷತ್ರ ಬೇಕಂತೆ, ರಾತ್ರಿಯೊಳಗೆ.
ಜೊತೆಗೆ ಬಂದಿದ್ದ ಜ್ಯೋತಿಷಿ ಬೆರಳು ಮಡಚಿ ಎಣಿಸಿ ಅಂದ:
ಗುಂಡಿ ಒಂಬತ್ತಿರಲಿ, ಎಂಟು ಕಾಣಲಿ,
ಒಂಬತ್ತನೆಯದು ಅಸ್ತರಿನೊಳಗೆ, ಎದೆಗೆ ತಾಗುವ ಹಾಗೆ.
ಇಟ್ಟೆ. ಹೊರಗಿನಿಂದ ತಿಳಿಯುತ್ತಿರಲಿಲ್ಲ.

ಹಳೆಯ ಬಾಕಿ ಅವನಿಗೆ ನೆನಪಿತ್ತು.
ಲಕೋಟೆಯಲ್ಲಿ ನೂರರ ಗರಿಗರಿ ನೋಟು ಕಳಿಸಿದ, ಇಪ್ಪತ್ತು.
ಹನ್ನೊಂದು ದಿನ ಕಳೆದು ನೂರರ ನೋಟು ರದ್ದೆಂದು ಸಾರಿದ.
ಮಾ ಪೂ ಅವನ್ನು ಮಡಚಿ ಮಡಚಿ
ಅಲ್ಲಾಡುವ ಮೆಷಿನ್ನಿನ ಕಾಲ ಕೆಳಗಿಟ್ಟಳು.
ಸರ್ಕಾರದಿಂದ ನಮಗಾದ ಉಪಕಾರ ಅದೊಂದೇ.

ಗಿರಣಿಯಿಂದ ಎರಡು ಹಸಿರು ಬರುತ್ತದೆ.
ಒಂದು ಸೈನ್ಯಕ್ಕೆ, ಒಂದು ಶಾಲೆಯ ಲುಂಗಿಗೆ.
ದೀಪದ ಬೆಳಕಿನಲ್ಲಿ ಯಾವುದು ಯಾವುದೆಂದು
ಮುಟ್ಟಿಯೇ ಹೇಳಬೇಕು.

ಆ ಮಳೆಗಾಲ ಮಕ್ಕಳು ಬೀದಿಗಿಳಿದರು.
ತಮ್ಮನ ಮಗಳು ತೂಜಾ, ಹತ್ತನೆಯ ಕ್ಲಾಸು.
ಆಸ್ಪತ್ರೆಯ ಹಿಂಬಾಗಿಲಲ್ಲಿ ರಾಶಿ ಹಾಕಿದ್ದ ಬಟ್ಟೆಯಲ್ಲಿ
ನಾನು ಮಡಿಕೆ ತಿರುವಿ ನೋಡುತ್ತ ಹೋದೆ.
ನಾಲ್ಕು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದೆ.
ಅವಳೂ ಬೆಳೆಯುವವಳು.

ಆ ತಿಂಗಳು ಅವನ ಆರು ಜೊತೆ ಕೊಡುವುದಿತ್ತು.
ಹೊಲಿದೆ.
ಇದನ್ನೂ ಬರೆದಿಡಬೇಕು: ಹೊಲಿದೆ,
ಹೇಳಿದ ದಿನಕ್ಕೆ ಕೊಟ್ಟೆ, ಒಂದು ಕಾಜವೂ ಸೊಟ್ಟಗಾಗಲಿಲ್ಲ.
ಮಾ ಪೂ ಆ ರಾತ್ರಿಯಿಂದ ಅಂಗಡಿಯೊಳಗೆ ಬರುವುದು ಬಿಟ್ಟಳು.

ಪಗೋಡಾಕ್ಕೆ ಅವನು ಚಿನ್ನದ ಕೊಡೆ ಏರಿಸಿದ.
ಸೇತುವೆಗೆ ರಿಬ್ಬನ್ ಕತ್ತರಿಸಿದ (ಕತ್ತರಿ ನನ್ನದು, ವಾಪಸ್ ಬರಲಿಲ್ಲ).
ಆಮೇಲೆ ಒಂದು ದಿನ ಪೇಪರಿನಲ್ಲಿ ನಾಲ್ಕು ಸಾಲು:
ಆರೋಗ್ಯದ ಕಾರಣ.
ಮರುದಿನದ ಫೋಟೋದಲ್ಲಿ ಅವನು ನಿಲ್ಲುವ ಜಾಗದಲ್ಲಿ
ಅವನ ಕೈಕೆಳಗಿನವನು, ಅದೇ ಹಸಿರಿನಲ್ಲಿ.
ಹೊಲಿಗೆ ನನ್ನದಲ್ಲ. ಬೆನ್ನಲ್ಲಿ ಸುಕ್ಕಿತ್ತು.

ಐದು ವರ್ಷ ಕೆರೆಯ ಪಕ್ಕದ ಮನೆಯಲ್ಲಿ, ಗೇಟಿಗೆ ಕಾವಲು.
ನಿನ್ನೆ ಅವನ ಮೊಮ್ಮಗ ಗಂಟೊಂದನ್ನು ತಂದ.
ಹಳೆಯ ಯೂನಿಫಾರಂ. ತಾತನಿಗೆ ಸಾದಾ ಜಾಕೀಟು ಮಾಡಿಕೊಡಬೇಕಂತೆ,
ಸುತ್ತಲೂ ಒಳಗೆ ತೆಗೆದುಕೊಂಡು.
ಚೀಟಿಯಲ್ಲಿ ಅಳತೆ: ಎದೆ ಮೂವತ್ತನಾಲ್ಕು.

ನಕ್ಷತ್ರ ಕಿತ್ತೆ. ಅದರಡಿಯ ಬಟ್ಟೆ ಬಿಸಿಲು ಕಾಣದೆ
ಅಚ್ಚ ಹಸಿರಾಗಿಯೇ ಉಳಿದಿತ್ತು.
ಸುತ್ತ ಸೂಜಿಯ ತೂತು, ನನ್ನವೇ.
ನೀರು ಚಿಮುಕಿಸಿ ಇಸ್ತ್ರಿ ಒತ್ತಿದೆ. ಮತ್ತೆ ಒತ್ತಿದೆ.
ಮುಚ್ಚಲಿಲ್ಲ.
ಅಸ್ತರಿನ ಗುಂಡಿ ಕೀಳದೆ ಬಿಟ್ಟೆ, ಒತ್ತಿದರೆ ಒತ್ತಲಿ.

"ಎಷ್ಟಾಯಿತು ಸಯಾ?" ಅಂದ ಹುಡುಗ.
ಮೆಷಿನ್ನಿನ ಕಾಲ ಕೆಳಗೆ ಬೆರಳು ತೋರಿಸಿದೆ.
ಅವನು ಬಗ್ಗಿ ನೋಡಿದ. ಏನೋ ಕಾಗದ ಅಂದುಕೊಂಡ.
ಆ ನೋಟು ರದ್ದಾದಾಗ ಅವನಿನ್ನೂ ಹುಟ್ಟಿರಲಿಲ್ಲ.